ಆರೋಪಕ್ಕೆ ಸಿಕ್ಕ ವೇಗ ಖುಲಾಸೆಗೆ ಸಿಕ್ಕಿಲ್ಲ

ರಾತ್ರಿ ಹನ್ನೆರಡು ದಾಟಿದೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಒಬ್ಬ ಮಲಗಿದ್ದಾನೆ. ಗಸ್ತಿಗೆ ಬಂದ ಪೊಲೀಸರು ಎಬ್ಬಿಸಿ, ಯಾವ ಊರು, ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ. ಉತ್ತರದಿಂದ ಸಮಾಧಾನವಾಗದಿದ್ದರೆ ‘ಬೆರಳಿಡಪ್ಪ ಇಲ್ಲಿ’ ಎಂದು ಮೊಬೈಲಿಗೆ ಜೋಡಿಸಿದ ಪುಟ್ಟ ಸ್ಕ್ಯಾನರನ್ನು ಮುಂದೆ ಹಿಡಿಯುತ್ತಾರೆ. ಆ ಬೆರಳು ಪೊಲೀಸ್ ದಾಖಲೆಯಲ್ಲಿ ಇದೆಯೋ ಇಲ್ಲವೋ ಎಂಬುದು ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಬರುತ್ತದೆ. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಈಚಿನ ವರ್ಷಗಳಲ್ಲಿ ರಾತ್ರಿ ಗಸ್ತಿನವರು ಬಳಸುತ್ತಿರುವ ‘ಎಂ–ಸಿಸಿಟಿಎನ್‌ಎಸ್’ ಆ್ಯಪ್ ಮಾಡುವ ಕೆಲಸ ಇದು. ತಲೆಮರೆಸಿಕೊಂಡಿದ್ದವರು, ವಾರಂಟ್ ಬಾಕಿ ಇದ್ದವರು ಹೀಗೆ ಸಿಕ್ಕಿಬಿದ್ದ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ.

ಒಂದು ಕಾಲಕ್ಕೆ ಇದೇ ಕೆಲಸಕ್ಕೆ ವೈರ್‌ಲೆಸ್ ಸಂದೇಶ ಹೋಗಬೇಕಿತ್ತು, ಬೇರೆ ಠಾಣೆಯ ರೈಟರ್ ಹಳೆಯ ರಿಜಿಸ್ಟರ್ ತೆಗೆದು ನೋಡಬೇಕಿತ್ತು, ಉತ್ತರ ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ಈಗ ಠಾಣೆಯ ಗೋಡೆಗಳೇ ಇಲ್ಲವಾಗಿವೆ. ಪೊಲೀಸರಿಗೆ ಇದು ದೊಡ್ಡ ಬಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಪ್ರಶ್ನೆ ಬೇರೆ. ಆ ಬೆಂಚಿನ ಮೇಲೆ ಮಲಗಿದವನ ಮೇಲೆ ಎಂಟು ವರ್ಷದ ಹಿಂದೆ ಒಂದು ಜಗಳದ ಕೇಸಾಗಿತ್ತು, ಕೋರ್ಟು ಅವನು ನಿರ್ದೋಷಿ ಎಂದು ಹೇಳಿ ಬಿಟ್ಟಿತ್ತು ಎಂದುಕೊಳ್ಳಿ. ಕೇಸಾದದ್ದು ಪರದೆಯ ಮೇಲೆ ಬರುತ್ತದೆ. ಬಿಟ್ಟದ್ದು ಬರುತ್ತದೆಯೇ?

ಪೊಲೀಸರ ಮಾಹಿತಿ ಹಂಚಿಕೆ ಮತ್ತು ನಮ್ಮ ಖಾಸಗಿತನದ ಬಗ್ಗೆ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ಕೂಗುಗಳಲ್ಲಿ ಮುಗಿದುಹೋಗುತ್ತದೆ. ‘ತಪ್ಪು ಮಾಡದವನಿಗೆ ಭಯವೇಕೆ’ ಎಂಬುದು ಒಂದು. ‘ಸರ್ಕಾರ ಎಲ್ಲರ ಮೇಲೂ ಕಣ್ಣಿಟ್ಟಿದೆ’ ಎಂಬುದು ಇನ್ನೊಂದು. ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾರ ಅಪ್ಪಣೆಯಿಂದ ಹೋಗುತ್ತದೆ, ಎಷ್ಟು ಕಾಲ ಅಲ್ಲಿರುತ್ತದೆ, ತಪ್ಪಾಗಿದ್ದರೆ ಯಾರು ತಿದ್ದುತ್ತಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವ ತಾಳ್ಮೆ ಎರಡೂ ಕಡೆಯವರಿಗೆ ಇರುವುದಿಲ್ಲ.

ಹಂಚಿಕೆಯಿಂದ ಆದ ಒಳಿತನ್ನು ಮೊದಲು ಹೇಳಬೇಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಕೊಲೆಯಾಯಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಕೊಲೆಯಾಯಿತು. ಎರಡೂ ಕಡೆ ಸಿಕ್ಕ ಗುಂಡು ಮತ್ತು ಖಾಲಿ ಕೋಶಗಳನ್ನು ವಿಧಿವಿಜ್ಞಾನ ಪ್ರಯೋಗಾಲಯ ಹೋಲಿಸಿ ನೋಡಿ, ಎರಡಕ್ಕೂ ಒಂದೇ 7.65 ಎಂ.ಎಂ. ನಾಡಪಿಸ್ತೂಲು ಬಳಕೆಯಾಗಿದೆ ಎಂದು ವರದಿ ಕೊಟ್ಟಿತು. ಕರ್ನಾಟಕದ ವಿಶೇಷ ತನಿಖಾ ತಂಡ ಬಿಡಿಸಿದ ಎಳೆಗಳು ಮಹಾರಾಷ್ಟ್ರಕ್ಕೂ ಹೋದವು. 2013ರಲ್ಲಿ ಪುಣೆಯಲ್ಲಿ ನಡೆದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕೊಲೆಯ ತನಿಖೆ ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. 2018ರ ನಂತರ ಅದು ಚಲಿಸಿತು. 2024ರ ಮೇ ತಿಂಗಳಲ್ಲಿ ಪುಣೆಯ ನ್ಯಾಯಾಲಯ ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಎರಡು ರಾಜ್ಯಗಳ ಪೊಲೀಸರು ತಂತಮ್ಮ ಕಡತಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಇದು ಆಗುತ್ತಿರಲಿಲ್ಲ.

ಹಂಚಿಕೆ ಇಲ್ಲದ್ದರಿಂದ ಆದ ಕೇಡೂ ಇದೆ. 2008ರ ಮುಂಬೈ ದಾಳಿಗೆ ಮುನ್ನ, ಅದರ ಸಂಚಿನಲ್ಲಿದ್ದ ಡೇವಿಡ್ ಹೆಡ್ಲಿ 2006ರಿಂದ 2008ರವರೆಗೆ ಹಲವು ಬಾರಿ ಭಾರತಕ್ಕೆ ಬಂದು ಹೋದ. ಅವನ ವೀಸಾ ಒಂದು ಕಚೇರಿಯಲ್ಲಿ, ವಿಮಾನ ಪ್ರಯಾಣದ ವಿವರ ಇನ್ನೊಂದರಲ್ಲಿ, ಹೋಟೆಲ್ ವಾಸದ ವಿವರ ಮತ್ತೊಂದರಲ್ಲಿ ಇತ್ತು. ಯಾರೂ ಅವನ್ನು ಜೋಡಿಸಿ ನೋಡಲಿಲ್ಲ. ಇಂದಿನ ವ್ಯವಸ್ಥೆಗಳೆಲ್ಲ ಬಹುಮಟ್ಟಿಗೆ ಆ ವೈಫಲ್ಯದ ನೋವಿನಿಂದ ಹುಟ್ಟಿದವು. 2009ರಲ್ಲಿ ಸುಮಾರು 2,000 ಕೋಟಿ ರೂಪಾಯಿಯ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ದೇಶದ ಠಾಣೆಗಳನ್ನೆಲ್ಲ ಒಂದೇ ಜಾಲಕ್ಕೆ ತರುವುದು ಅದರ ಗುರಿ. ಅದೇ ಹೊತ್ತಿಗೆ ನ್ಯಾಟ್‌ಗ್ರಿಡ್ ರೂಪುಗೊಂಡಿತು: ಬ್ಯಾಂಕು, ತೆರಿಗೆ, ದೂರವಾಣಿ, ವಲಸೆ, ಪ್ರಯಾಣ ಹೀಗೆ 21 ಬಗೆಯ ಮಾಹಿತಿಕೋಶಗಳನ್ನು ಗುಪ್ತಚರ ಮತ್ತು ತನಿಖಾ ಸಂಸ್ಥೆಗಳು ಒಂದೇ ಕಡೆಯಿಂದ ಹುಡುಕುವ ಏರ್ಪಾಡು. ಅದರ ಬೆಂಗಳೂರು ಕಚೇರಿ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಇಷ್ಟು ದೊಡ್ಡ ಸಂಸ್ಥೆ ಸಂಸತ್ತಿನ ಕಾಯ್ದೆಯಿಂದ ಹುಟ್ಟಲಿಲ್ಲ, ಸರ್ಕಾರದ ಆಡಳಿತಾತ್ಮಕ ತೀರ್ಮಾನದಿಂದ ಹುಟ್ಟಿತು. 2011ರಲ್ಲಿ ಅದನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೂ ಹೊರಗಿಡಲಾಯಿತು. ನನಗೆ ಮೊದಲು ಚಿಂತೆ ಹತ್ತಿದ್ದು ಇಲ್ಲಿ. ಹುಡುಕುವ ಅಧಿಕಾರ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಆ ಅಧಿಕಾರಕ್ಕೆ ಶಾಸನದ ಮಿತಿ ಇಲ್ಲದಿರುವುದಕ್ಕೆ ಇದೆ.

ಹಳೆಯ ಪುಸ್ತಕ, ಹಳೆಯ ಅಭ್ಯಾಸ

ಕಂಪ್ಯೂಟರ್ ಬಂದ ಮೇಲೆ ಈ ಸಮಸ್ಯೆ ಹುಟ್ಟಿತು ಎಂದು ತಿಳಿಯುವುದು ತಪ್ಪು. ಬೆರಳಚ್ಚಿನ ವಿದ್ಯೆಗೂ ನಮ್ಮ ನೆಲಕ್ಕೂ ಹತ್ತಿರದ ನಂಟಿದೆ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಪ್ಪಂದಪತ್ರಕ್ಕೆ ಅಂಗೈ ಗುರುತು ಹಾಕಿಸಿಕೊಂಡ. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕೇಂದ್ರ ಶುರುವಾಯಿತು. ಅಲ್ಲಿ ಬೆರಳಚ್ಚುಗಳನ್ನು ವಿಂಗಡಿಸುವ ಸೂತ್ರವನ್ನು ಕಟ್ಟುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರ ಪಾಲು ದೊಡ್ಡದು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು.

ಆ ವಿದ್ಯೆ ಯಾರ ಮೇಲೆ ಬಳಕೆಯಾಯಿತು ಎಂಬುದು ಮುಖ್ಯ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸಾರಿತು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಊರು ಬಿಟ್ಟರೆ ಪಾಸು ಬೇಕು. 1911ರ ಕಾಯ್ದೆ ಬಂದಾಗ ಬೆರಳಚ್ಚೂ ಸೇರಿತು. ಮುಂಬೈ ಪ್ರಾಂತ್ಯದ ಆಡಳಿತ ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ವಸಾಹತುಗಳನ್ನು ಕಟ್ಟಿ ಇಂಥ ಕುಟುಂಬಗಳನ್ನು ಕೂಡಿಹಾಕಿತು. ಹುಬ್ಬಳ್ಳಿಯಲ್ಲಿ ಆ ಜಾಗವನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಆದರೆ ಠಾಣೆಯ ಪುಸ್ತಕದಲ್ಲಿ ಬರೆದದ್ದು ಕಾಯ್ದೆಯ ಜೊತೆಗೇ ಅಳಿಯಲಿಲ್ಲ. ‘ರೂಢಿಗತ ಅಪರಾಧಿ’ ಎಂಬ ಹೊಸ ಶೀರ್ಷಿಕೆಯಡಿ ಅದೇ ಮನೆಗಳ ಮೇಲೆ ಕಣ್ಣು ಮುಂದುವರಿಯಿತು. ಕಳ್ಳತನವಾದ ಮರುದಿನ ಮೊದಲು ಯಾವ ಓಣಿಗೆ ಜೀಪು ಹೋಗುತ್ತದೆ ಎಂಬುದನ್ನು ಆ ಓಣಿಯವರನ್ನು ಕೇಳಿದರೆ ಹೇಳುತ್ತಾರೆ.

ಉತ್ತರ ಪ್ರದೇಶದ ಖಡಕ್ ಸಿಂಗ್ ಪ್ರಕರಣವನ್ನು ಪೊಲೀಸ್ ಕಣ್ಗಾವಲಿನ ಕಾನೂನಿನ ಮೊದಲ ಪಾಠ ಎನ್ನಬಹುದು. 1941ರಲ್ಲಿ ದರೋಡೆ ಆರೋಪದ ಮೇಲೆ ಆತನನ್ನು ಹಿಡಿದರು. ಸಾಕ್ಷ್ಯವಿಲ್ಲ ಎಂದು ಬಿಟ್ಟರು. ಬಿಟ್ಟ ಮೇಲೂ ಹಿಸ್ಟರಿ ಶೀಟ್, ಅಂದರೆ ಅವನ ಮೇಲೆ ಕಣ್ಣಿಡುವ ಕಡತ, ತೆರೆದರು. ರಾತ್ರಿ ಹೊತ್ತು ಪೇದೆಗಳು ಮನೆಗೆ ಬಂದು ಬಾಗಿಲು ಬಡಿದು, ನಿದ್ದೆಯಿಂದ ಎಬ್ಬಿಸಿ, ಇದ್ದಾನೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಬೇರೆ ಊರಿಗೆ ಹೊರಟರೆ ಎಲ್ಲಿಗೆ, ಯಾವಾಗ ವಾಪಸು ಎಂದು ಠಾಣೆಗೋ ಊರಿನ ಚೌಕಿದಾರನಿಗೋ ಹೇಳಬೇಕಿತ್ತು. ಅವನು ಹೋದ ಊರಿನ ಠಾಣೆಗೆ ಸುದ್ದಿ ಮುಟ್ಟಿ, ಅಲ್ಲಿನವರು ಕಣ್ಣಿಡುತ್ತಿದ್ದರು. ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಮಾಹಿತಿ ಕಾಗದದ ಮೇಲೆ ಪ್ರಯಾಣ ಮಾಡುತ್ತಿದ್ದ ಕಾಲ ಅದು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾತ್ರಿ ಮನೆಗೆ ನುಗ್ಗುವುದನ್ನು ಮಾತ್ರ ರದ್ದು ಮಾಡಿ, ಉಳಿದ ಕಣ್ಗಾವಲನ್ನು ಒಪ್ಪಿತು. ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಎಂಬುದೊಂದು ಇಲ್ಲ ಎಂದಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಬೆನ್ನಿಗೊಂದು ನೆರಳನ್ನು ಕಟ್ಟಿಕೊಂಡು ತಿರುಗುವವನನ್ನು ಸ್ವತಂತ್ರ ಎಂದು ಹೇಗೆ ಕರೆಯುವುದು ಎಂಬುದು ಅವರ ಭಿನ್ನಮತದ ತಿರುಳು. ಅವರ ಮಾತಿಗೆ ಬೆಲೆ ಬರಲು 55 ವರ್ಷ ಹಿಡಿಯಿತು.

ಆ ಬೆಲೆ ತಂದುಕೊಟ್ಟವರು ನಮ್ಮ ರಾಜ್ಯದವರೇ ಆದ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ 1986ರಲ್ಲಿ ನಿವೃತ್ತರಾದವರು. 2012ರಲ್ಲಿ, 86ನೇ ವಯಸ್ಸಿನಲ್ಲಿ, ಕಾಯ್ದೆಯ ಬಲವಿಲ್ಲದೆ ಜನರ ಬೆರಳಚ್ಚು ತೆಗೆದುಕೊಳ್ಳುತ್ತಿದ್ದ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದರು. ಖಡಕ್ ಸಿಂಗ್ ತೀರ್ಪಿನ ಆ ಭಾಗ ತಪ್ಪು ಎಂದೂ ಹೇಳಿದರು. ಸರ್ಕಾರ ಈ ಹಕ್ಕಿನೊಳಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟೇ ಕೈಹಾಕಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪನ್ನು ದೇಶದ ನ್ಯಾಯಾಲಯಗಳು ಇಂದು ಎತ್ತಿ ಹೇಳುತ್ತಿವೆ. ಠಾಣೆಯ ಕಂಪ್ಯೂಟರಿನವರೆಗೆ ಅದು ಇನ್ನೂ ತಲುಪಬೇಕಿದೆ.

ಒಂದು ಫಾರಂ, ಅನೇಕ ಕಲಂ

ಬಂಧನವಾದಾಗ ಪೊಲೀಸರು ತುಂಬುವ ನಮೂನೆಯೊಂದಿದೆ. ದೇಶದಾದ್ಯಂತ ಹೆಚ್ಚುಕಡಿಮೆ ಒಂದೇ ರೂಪದ್ದು, ಈಗ ಸಿಸಿಟಿಎನ್‌ಎಸ್ ಒಳಗೆ ನೇರವಾಗಿ ತುಂಬುವಂಥದ್ದು. ಹೆಸರು, ತಂದೆಯ ಹೆಸರು, ವಿಳಾಸ, ಜಾತಿವರ್ಗ, ಧರ್ಮ, ವೃತ್ತಿ ಇರುವುದು ಸಹಜ. ಮುಂದೆ ಮೈಕಟ್ಟು, ಎತ್ತರ, ಬಣ್ಣ, ಹಲ್ಲು, ಕೂದಲು, ಕಣ್ಣು, ಮಚ್ಚೆ, ಸುಟ್ಟ ಗಾಯ, ಹಚ್ಚೆ, ಆಡುವ ಭಾಷೆ, ಉಡುವ ಬಟ್ಟೆ, ರೂಢಿಯ ಅಭ್ಯಾಸಗಳು. ಆಮೇಲೆ ಓದು, ಆದಾಯದ ಗುಂಪು, ಯಾರ ಜೊತೆ ಬದುಕುತ್ತಾನೆ. ಕೊನೆಗೆ ಪೊಲೀಸರ ಅಂದಾಜನ್ನು ಕೇಳುವ ಸಾಲುಗಳು: ಅಪಾಯಕಾರಿಯೇ? ಸಾಮಾನ್ಯವಾಗಿ ಆಯುಧ ಇಟ್ಟುಕೊಂಡಿರುತ್ತಾನೆಯೇ? ಸಹಚರರೊಡನೆ ಕೆಲಸ ಮಾಡುತ್ತಾನೆಯೇ? ಜಾಮೀನು ಸಿಕ್ಕರೆ ತಪ್ಪಿಸಿಕೊಳ್ಳಬಹುದೇ? ಮತ್ತೆ ಅಪರಾಧ ಮಾಡಬಹುದೇ?

ಈ ಕೊನೆಯ ಸಾಲುಗಳ ಬಳಿ ಸ್ವಲ್ಪ ನಿಲ್ಲೋಣ. ಎತ್ತರ ಎಂಬುದು ಅಳೆದು ಬರೆಯುವ ಸಂಗತಿ. ‘ಅಪಾಯಕಾರಿ’ ಎಂಬುದು ಆ ದಿನ, ಆ ಠಾಣೆಯಲ್ಲಿ, ಆ ಅಧಿಕಾರಿಗೆ ಅನಿಸಿದ್ದು. ಆದರೆ ಬೇರೆ ಜಿಲ್ಲೆಯ ಪರದೆಯ ಮೇಲೆ ಮೂಡುವಾಗ ಎರಡೂ ಒಂದೇ ಅಕ್ಷರದಲ್ಲಿ, ಒಂದೇ ಗಾತ್ರದಲ್ಲಿ ಮೂಡುತ್ತವೆ. ಬರೆದವರು ವರ್ಗವಾಗಿ ಹೋಗಿರುತ್ತಾರೆ, ಬರೆಯಲು ಕಾರಣವಾದ ಸಂದರ್ಭ ಮರೆತುಹೋಗಿರುತ್ತದೆ, ಪದ ಮಾತ್ರ ಉಳಿದಿರುತ್ತದೆ. ಓದುವ ಅಧಿಕಾರಿಗೆ ಆ ಪದವನ್ನು ಅನುಮಾನಿಸಲು ಯಾವ ಕಾರಣವೂ ಕಾಣುವುದಿಲ್ಲ.

ಯುರೋಪಿಯನ್ ಒಕ್ಕೂಟ 2016ರಲ್ಲಿ ಪೊಲೀಸ್ ಮಾಹಿತಿಗೆಂದೇ ಪ್ರತ್ಯೇಕ ನಿಯಮ ಮಾಡಿತು. ಕಂಡ ಸಂಗತಿಯನ್ನೂ ಅಧಿಕಾರಿಯ ಅಭಿಪ್ರಾಯವನ್ನೂ ಸಾಧ್ಯವಾದಷ್ಟು ಬೇರೆ ಬೇರೆಯಾಗಿ ಗುರುತಿಸಬೇಕು ಎಂದು ಅದು ಹೇಳುತ್ತದೆ. ಶಂಕಿತ, ಶಿಕ್ಷಿತ, ಸಂತ್ರಸ್ತ, ಸಾಕ್ಷಿ ಇವರನ್ನು ಬೇರೆ ಬೇರೆ ವರ್ಗಗಳಲ್ಲಿ ಇಡಬೇಕು ಎನ್ನುತ್ತದೆ. ಯಾರು ಯಾವಾಗ ಯಾರ ದಾಖಲೆ ತೆರೆದು ನೋಡಿದರು ಎಂಬ ಲೆಕ್ಕ ಇಡಬೇಕು ಎನ್ನುತ್ತದೆ. ಇದು ನಮ್ಮಲ್ಲಿ ಅಸಾಧ್ಯವೇನಲ್ಲ. ಕಂಪ್ಯೂಟರಿಗೆ ಒಂದು ಕಲಂ ಹೆಚ್ಚು ಸೇರಿಸುವುದು ಕಷ್ಟದ ಮಾತಲ್ಲ, ಸೇರಿಸಬೇಕೆಂಬ ಮನಸ್ಸು ಬೇಕು.

ಈಗ ಕಾಲದ ಪ್ರಶ್ನೆಗೆ ಬರೋಣ. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಜಾಗಕ್ಕೆ 2022ರಲ್ಲಿ ಕ್ರಿಮಿನಲ್ ಪ್ರೊಸೀಜರ್ (ಗುರುತಿಸುವಿಕೆ) ಕಾಯ್ದೆ ಬಂತು. ಬೆರಳಚ್ಚು, ಅಂಗೈ, ಪಾದ, ಛಾಯಾಚಿತ್ರಗಳ ಜೊತೆಗೆ ಕಣ್ಣಿನ ಪಾಪೆಯ ಸ್ಕ್ಯಾನ್, ಜೈವಿಕ ಮಾದರಿ, ಸಹಿ, ಕೈಬರಹ ಎಲ್ಲವನ್ನೂ ತೆಗೆದುಕೊಳ್ಳುವ ಅಧಿಕಾರ ಸಿಕ್ಕಿತು. ಶಿಕ್ಷೆಯಾದವರಿಂದ ಮಾತ್ರವಲ್ಲ, ಬಂಧಿತರಾದವರಿಂದಲೂ. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಬಂಧಿತನಾದವನು ಜೈವಿಕ ಮಾದರಿ ಕೊಡಲು ಒಪ್ಪದಿರಬಹುದು, ಆದರೆ ಮಹಿಳೆ ಅಥವಾ ಮಕ್ಕಳ ಮೇಲಿನ ಅಪರಾಧವಾಗಿದ್ದರೆ ಈ ವಿನಾಯಿತಿ ಇಲ್ಲ. ಸಂಗ್ರಹಿಸಿದ್ದೆಲ್ಲ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದಲ್ಲಿ 75 ವರ್ಷ ಇರುತ್ತದೆ. ಬ್ಯೂರೊ ಅದನ್ನು ಯಾವುದೇ ಕಾನೂನು ಜಾರಿ ಸಂಸ್ಥೆಯೊಂದಿಗೆ ಹಂಚಿಕೊಳ್ಳಬಹುದು. ಅದೇ ವರ್ಷ ಜಾರಿಗೆ ಬಂದ ನಾಫಿಸ್ ಎಂಬ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆಯಲ್ಲಿ ಬಂಧಿತನಿಗೆ 10 ಅಂಕಿಯ ಸಂಖ್ಯೆಯೊಂದು ಸಿಗುತ್ತದೆ. ಅದು ಅವನ ಜೀವಮಾನದ ಸಂಖ್ಯೆ. ಇಪ್ಪತ್ತರ ಹುಡುಗ ತೊಂಬತ್ತೈದರ ಮುದುಕನಾಗುವವರೆಗೆ ದಾಖಲೆ ಉಳಿಯುತ್ತದೆ.

ಬಸ್ ನಿಲ್ದಾಣದಲ್ಲಿ ಮಲಗಿದವನ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಕಾಯ್ದೆಯಡಿ ಪೊಲೀಸರು ‘ಅಳತೆ’ಗಳನ್ನು, ಅಂದರೆ ಬೆರಳಚ್ಚು ಮತ್ತು ಮೇಲೆ ಹೇಳಿದ ಉಳಿದ ಗುರುತುಗಳನ್ನು, ತೆಗೆದುಕೊಳ್ಳಬಹುದಾದದ್ದು ಶಿಕ್ಷೆಯಾದವರಿಂದ, ಮುಚ್ಚಳಿಕೆ ಬರೆದುಕೊಡಲು ಆದೇಶವಾದವರಿಂದ, ಬಂಧಿತರಿಂದ, ಮುನ್ನೆಚ್ಚರಿಕೆ ಕಾನೂನಿನಡಿ ಸೆರೆಯಲ್ಲಿರುವವರಿಂದ. ಇವರನ್ನು ಬಿಟ್ಟರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಕಡೆಯ ಬಸ್ಸು ತಪ್ಪಿ ಬೆಂಚಿನ ಮೇಲೆ ಮಲಗಿದವನು ಇವರಲ್ಲಿ ಯಾರೂ ಅಲ್ಲ. ಅವನ ಬೆರಳನ್ನು ನೋಡಿ ಹೋಲಿಸಿ ಅಲ್ಲೇ ಬಿಡುತ್ತಾರೆಯೋ, ಎಲ್ಲಾದರೂ ಉಳಿಸಿಕೊಳ್ಳುತ್ತಾರೆಯೋ ಎಂಬುದನ್ನು ರಾಜ್ಯ ಸರ್ಕಾರ ಬರಹದಲ್ಲಿ ಜನರಿಗೆ ತಿಳಿಸಬೇಕು.

ಖುಲಾಸೆಯಾದವರ ಅಳತೆಗಳನ್ನು ನಾಶಮಾಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹಿಂದೆ ಶಿಕ್ಷೆಯಾಗಿರಬಾರದು, ಮೇಲ್ಮನವಿಯ ದಾರಿಗಳೆಲ್ಲ ಮುಗಿದಿರಬೇಕು, ಕೋರ್ಟು ಬೇರೆ ಆದೇಶ ಮಾಡಿರಬಾರದು. ಸರಿ. ಆದರೆ 2022ರ ನಿಯಮಗಳ ಪ್ರಕಾರ ನಾಶಕ್ಕೆ ಕೋರಿಕೆ ಸಲ್ಲಿಸಬೇಕು. ನೋಡಲ್ ಅಧಿಕಾರಿ ಅದನ್ನು ಪರಿಶೀಲಿಸಿ, ಬೇರೆ ಕೇಸಿಗೆ ಆ ಅಳತೆ ಬೇಕಿಲ್ಲ ಎಂದು ಖಚಿತಪಡಿಸಿಕೊಂಡು, ಬ್ಯೂರೊಗೆ ಶಿಫಾರಸು ಮಾಡಬೇಕು. ಅಂದರೆ ಅಳತೆ ತೆಗೆದುಕೊಳ್ಳುವುದು ಸರ್ಕಾರದ ಕೆಲಸ, ಅಳಿಸಲು ಓಡಾಡುವುದು ನಿರ್ದೋಷಿಯ ಕೆಲಸ. ವರ್ಷಗಟ್ಟಲೆ ಕೋರ್ಟಿಗೆ ಅಲೆದು, ವಕೀಲರ ಫೀಸಿಗೆ ಸಾಲ ಮಾಡಿ, ಬಿಡುಗಡೆಯಾದ ದಿನ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿ ಮನೆಗೆ ಬಂದ ಕೂಲಿಕಾರನಿಗೆ ನೋಡಲ್ ಅಧಿಕಾರಿ ಎಂಬುವರೊಬ್ಬರು ಇದ್ದಾರೆಂದು ಯಾರು ಹೇಳಬೇಕು? ತನಿಖೆಯಲ್ಲೇ ಬಿ ರಿಪೋರ್ಟ್ (ಕೇಸು ಮುಚ್ಚುವ ವರದಿ) ಹಾಕಿಸಿಕೊಂಡು ಕೋರ್ಟಿನ ಮೆಟ್ಟಿಲನ್ನೇ ಹತ್ತದವರಿಗಂತೂ ಈ ಸುದ್ದಿ ತಲುಪುವುದೇ ಇಲ್ಲ.

ತಂತ್ರಜ್ಞಾನ ಇದಕ್ಕೆ ಅಡ್ಡಿಯಲ್ಲ. ಪೊಲೀಸ್, ಪ್ರಾಸಿಕ್ಯೂಷನ್, ನ್ಯಾಯಾಲಯ, ಕಾರಾಗೃಹ, ವಿಧಿವಿಜ್ಞಾನ ಪ್ರಯೋಗಾಲಯಗಳನ್ನು ಬೆಸೆಯುವ ಐಸಿಜೆಎಸ್ ಯೋಜನೆಯ ಎರಡನೇ ಹಂತಕ್ಕೆ 2022ರಲ್ಲಿ 3,375 ಕೋಟಿ ರೂಪಾಯಿ ಮಂಜೂರಾಗಿದೆ. ಮಾಹಿತಿಯನ್ನು ಒಂದೇ ಸಲ ತುಂಬಿದರೆ ಸಾಕು, ಎಲ್ಲ ಕಡೆಗೂ ಹೋಗಬೇಕು ಎಂಬುದು ಅದರ ಘೋಷಣೆ. ಎಫ್‌ಐಆರ್ ಠಾಣೆಯಿಂದ ಕೋರ್ಟಿಗೆ ಹೋಗುವ ಅದೇ ತಂತಿಯಲ್ಲಿ ಖುಲಾಸೆಯ ತೀರ್ಪು ಕೋರ್ಟಿನಿಂದ ಠಾಣೆಗೂ ಬ್ಯೂರೊಗೂ ತಾನಾಗಿ ಬಂದು, ದಾಖಲೆ ತಾನಾಗಿ ಅಳಿಯುವಂತೆ ಮಾಡಲು ಹೊಸ ಯಂತ್ರವೇನೂ ಬೇಕಿಲ್ಲ. ಆ ಆದೇಶ ಹೊರಡಿಸುವವರು ಬೇಕು.

ಇಂಗ್ಲೆಂಡಿನಲ್ಲಿ ಇದು ಆಯಿತು. ಕೇಸಿನಿಂದ ಪಾರಾದ 11 ವರ್ಷದ ಹುಡುಗನೊಬ್ಬನ ಮತ್ತು ಕೇಸೇ ಕೈಬಿಟ್ಟ ಇನ್ನೊಬ್ಬನ ಬೆರಳಚ್ಚು, ಡಿಎನ್‌ಎ ಮಾದರಿಗಳನ್ನು ಸೌತ್ ಯಾರ್ಕ್‌ಷೈರ್ ಪೊಲೀಸರು ಉಳಿಸಿಕೊಂಡಿದ್ದರು. ನಿರ್ದೋಷಿಗಳ ಮಾಹಿತಿಯನ್ನು ಹೀಗೆ ಗಡುವಿಲ್ಲದೆ ಇಟ್ಟುಕೊಳ್ಳುವಂತಿಲ್ಲ ಎಂದು 2008ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪಿತ್ತಿತು. 2012ರಲ್ಲಿ ಬ್ರಿಟನ್ನಿನ ಸಂಸತ್ತು ಕಾನೂನು ಬದಲಿಸಿತು. 17 ಲಕ್ಷಕ್ಕೂ ಹೆಚ್ಚು ನಿರ್ದೋಷಿಗಳ ಡಿಎನ್‌ಎ ವಿವರಗಳನ್ನು ಅಳಿಸಿಹಾಕಿದರು. ಪೊಲೀಸರ ಕೆಲಸ ಅದರಿಂದ ನಿಂತುಹೋಗಲಿಲ್ಲ.

ಒಂದಕ್ಕೆಂದು ಕೊಟ್ಟದ್ದು ಇನ್ನೊಂದಕ್ಕೆ

ಖಾಸಗಿತನಕ್ಕೆ ಬೀಳುವ ಪೆಟ್ಟುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಬೀಳುವುದಿಲ್ಲ. ಒಳ್ಳೆಯ ಉದ್ದೇಶದಿಂದಲೇ ಬೀಳುತ್ತವೆ. ಅದಕ್ಕೇ ಅವುಗಳ ಬಗ್ಗೆ ಮಾತಾಡುವುದು ಕಷ್ಟ. 2013ರಲ್ಲಿ ಗೋವಾದ ಶಾಲೆಯೊಂದರಲ್ಲಿ ಏಳು ವರ್ಷದ ಮಗುವಿನ ಮೇಲೆ ಅತ್ಯಾಚಾರವಾಯಿತು. ಸ್ಥಳದಲ್ಲಿ ಬೆರಳಚ್ಚು ಸಿಕ್ಕಿತ್ತು. ಗೋವಾದಲ್ಲಿ ಆಧಾರ್ ಮಾಡಿಸಿಕೊಂಡ ಎಲ್ಲರ ಬೆರಳಚ್ಚನ್ನೂ ಕೊಡಿ, ಹೋಲಿಸಿ ನೋಡುತ್ತೇವೆ ಎಂದು ಸಿಬಿಐ ಕೇಳಿತು. ಇಂಥ ಕೇಸಿನಲ್ಲಿ ಬೇಡ ಎನ್ನಲು ಯಾರ ಬಾಯಿ ಬರುತ್ತದೆ? ಕೆಳಗಿನ ನ್ಯಾಯಾಲಯ ಕೊಡಲು ಹೇಳಿತು. ಆಧಾರ್ ಪ್ರಾಧಿಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜನ ಈ ಮಾಹಿತಿ ಕೊಟ್ಟದ್ದು ಸರ್ಕಾರಿ ಸವಲತ್ತಿಗಾಗಿ, ಅಪರಾಧ ತನಿಖೆಗಲ್ಲ. ಅಷ್ಟು ಜನರ ನಡುವೆ ಹೋಲಿಸಿದರೆ ತಪ್ಪು ಹೊಂದಾಣಿಕೆಗಳು ಬಂದು ಅಮಾಯಕರು ಸಿಕ್ಕಿಹಾಕಿಕೊಳ್ಳಬಹುದು ಎಂದು ವಾದಿಸಿತು. 2014ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್, ವ್ಯಕ್ತಿಯ ಲಿಖಿತ ಒಪ್ಪಿಗೆ ಇಲ್ಲದೆ ಬಯೊಮೆಟ್ರಿಕ್ ಮಾಹಿತಿಯನ್ನು ಯಾವ ಸಂಸ್ಥೆಗೂ ಕೊಡಬೇಡಿ ಎಂದಿತು. 2016ರ ಆಧಾರ್ ಕಾಯ್ದೆ ಆ ಗೋಡೆಯನ್ನು ಗಟ್ಟಿ ಮಾಡಿತು. ಅಂದು ಆ ಬಾಗಿಲು ತೆರೆದಿದ್ದರೆ ಪಡಿತರ ಚೀಟಿಗೆ ಬೆರಳು ಕೊಟ್ಟವರೆಲ್ಲ ಮುಂದಿನ ಪ್ರತಿ ಕೇಸಿನಲ್ಲೂ ಶಂಕಿತರ ಸಾಲಿನಲ್ಲಿ ನಿಲ್ಲಬೇಕಿತ್ತು.

ಕೋವಿಡ್ ಕಾಲ ಇನ್ನೂ ನೆನಪಿದೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನೇ ಪ್ರಕಟಿಸಿತು. ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಬೀದಿಬೀದಿ ಸುತ್ತಿದವು. ಮನೆಯಲ್ಲೇ ಇದ್ದೇವೆ ಎನ್ನಲು ಗಂಟೆಗೊಂದು ಸೆಲ್ಫಿ ಕಳಿಸಬೇಕು ಎಂಬ ಆದೇಶವೂ ಬಂತು. ಕಾಯಿಲೆಯ ಭಯದಲ್ಲಿದ್ದವರಿಗೆ ನೆರೆಹೊರೆಯವರ ಭಯವೂ ಸೇರಿಕೊಂಡಿತು. ಮುಂದೆ ಆರೋಗ್ಯಸೇತು ಆ್ಯಪ್‌ನ ವಿಷಯದಲ್ಲಿ ನಮ್ಮ ಹೈಕೋರ್ಟ್ 2021ರ ಜನವರಿಯಲ್ಲಿ, ಬಳಕೆದಾರರ ಅರಿವುಳ್ಳ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಬೇರೆ ಇಲಾಖೆಗಳಿಗೆ ಹಂಚುವಂತಿಲ್ಲ ಎಂದು ಮಧ್ಯಂತರ ಆದೇಶ ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠದ ಆದೇಶ ಅದು.

ಎರಡು ತಿಂಗಳ ನಂತರ, 2021ರ ಮಾರ್ಚ್‌ನಲ್ಲಿ, ಮಾದಕವಸ್ತು ಪ್ರಕರಣವೊಂದರಲ್ಲಿ ಇದೇ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಫೋನ್ ಮತ್ತು ಲ್ಯಾಪ್‌ಟಾಪ್ ಶೋಧದ ಬಗ್ಗೆ ವಿವರವಾದ ಮಾರ್ಗಸೂಚಿ ಕೊಟ್ಟರು. ಅದರಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಒಂದು: ಫೋನಿನಲ್ಲಿ ಸಿಕ್ಕ ಮಾಹಿತಿಯನ್ನು ತನಿಖಾಧಿಕಾರಿ ಕೋರ್ಟಿನ ಲಿಖಿತ ಅನುಮತಿ ಇಲ್ಲದೆ ಹೊರಗಿನ ಯಾರಿಗೂ ಕೊಡುವಂತಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ ಸಿನಿಮಾ ನಟನಟಿಯರ ವಾಟ್ಸ್‌ಆ್ಯಪ್ ಸಂಭಾಷಣೆಗಳು ಟಿ.ವಿ. ಪರದೆಯ ಮೇಲೆ ದಿನವಿಡೀ ಓಡಿದ್ದನ್ನು ನೋಡಿದವರಿಗೆ ಈ ಸಾಲಿನ ಬೆಲೆ ಗೊತ್ತಾಗುತ್ತದೆ.

ಸೋರಿಕೆಯ ಕಥೆ ಹಳೆಯದು. ಫೋನ್ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದನ್ನು ಹಿರಿಯರು ಬಲ್ಲರು. 2013ರಲ್ಲಿ ದೆಹಲಿಯಲ್ಲಿ ಅರುಣ್ ಜೇಟ್ಲಿಯವರ ಕರೆ ವಿವರಗಳನ್ನು (ಸಿಡಿಆರ್) ಕದಿಯಲು ಹೊರಟ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬ ಪೊಲೀಸ್ ಪೇದೆಯೂ ಇದ್ದ. ಮೇಲಧಿಕಾರಿಯ ಇ–ಮೇಲ್ ಬಳಸಿ ಕಂಪನಿಗೆ ಕೋರಿಕೆ ಕಳಿಸಲಾಗಿತ್ತು. ರಾಜ್ಯಸಭೆಯ ಪ್ರತಿಪಕ್ಷ ನಾಯಕರ ಸಿಡಿಆರ್‌ಗೇ ಈ ಗತಿಯಾದರೆ, ಸಂಶಯದ ಗಂಡ ಖಾಸಗಿ ಪತ್ತೇದಾರನಿಗೆ ದುಡ್ಡು ಕೊಟ್ಟು ಹೆಂಡತಿಯ ಸಿಡಿಆರ್ ತೆಗೆಸಿದರೆ ಆಕೆಯನ್ನು ಕಾಯುವವರು ಯಾರು? ದಾಖಲೆಗಳು ಒಂದೆಡೆ ಸೇರಿದಷ್ಟೂ, ಅದನ್ನು ತೆರೆಯಬಲ್ಲ ಪಾಸ್‌ವರ್ಡ್‌ಗಳು ಹೆಚ್ಚಿದಷ್ಟೂ, ಒಬ್ಬ ದುರಾಸೆಯವನಿಂದ ಆಗುವ ಹಾನಿಯೂ ದೊಡ್ಡದಾಗುತ್ತದೆ.

ಇವಕ್ಕೆಲ್ಲ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉತ್ತರವಾಗಬೇಕಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅಂಗಡಿ, ಬ್ಯಾಂಕು, ಆ್ಯಪ್ ಕಂಪನಿಗಳ ಬಳಿ ಇರುವ ನಮ್ಮ ಮಾಹಿತಿಯನ್ನು ನೋಡುವ, ತಿದ್ದಿಸುವ, ಅಳಿಸುವ ಹಕ್ಕನ್ನು ಅದು ಕೊಡುತ್ತದೆ. ಆದರೆ 17ನೇ ಕಲಂ ಓದಿದರೆ, ಅಪರಾಧ ತಡೆ, ಪತ್ತೆ, ತನಿಖೆಗಾಗಿ ಬಳಸುವ ಮಾಹಿತಿಗೆ ಈ ಹಕ್ಕುಗಳು ಅನ್ವಯಿಸುವುದಿಲ್ಲ. ಮಾಹಿತಿ ಸೋರದಂತೆ ಕಾಪಾಡುವ ಹೊಣೆ ಮಾತ್ರ ಉಳಿಯುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದೇ ಸರ್ಕಾರಿ ಸಂಸ್ಥೆಯನ್ನು ಇಡೀ ಕಾಯ್ದೆಯಿಂದಲೇ ಹೊರಗಿಡಬಹುದು. ತನಿಖೆ ನಡೆಯುತ್ತಿರುವಾಗ ಆರೋಪಿಗೆ ಕಡತ ತೋರಿಸಲಾಗದು ಎಂಬುದು ಒಪ್ಪುವ ಮಾತು. ತನಿಖೆ ಮುಗಿದು, ವಿಚಾರಣೆ ಮುಗಿದು, ನಿರ್ದೋಷಿ ಎಂದಾದ ಮೇಲೂ ತನ್ನ ಬಗ್ಗೆ ಏನಿದೆ ಎಂದು ಕೇಳುವ ಹಕ್ಕಿಲ್ಲದಿರುವುದು ಅನ್ಯಾಯ. ತಿನಿಸು ತಂದುಕೊಡುವ ಆ್ಯಪ್ ನನ್ನ ವಿಳಾಸ ತಪ್ಪಾಗಿ ಬರೆದರೆ ತಿದ್ದಿಸಬಹುದು, ಠಾಣೆ ನನ್ನನ್ನು ‘ಅಪಾಯಕಾರಿ’ ಎಂದು ಬರೆದರೆ ತಿದ್ದಿಸಲು ಹೈಕೋರ್ಟಿಗೆ ರಿಟ್ ಹಾಕಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಇನ್ನೊಂದು ಉದಾಹರಣೆ. ಬಂಧಿತರ ಹೆಸರು, ವಿಳಾಸ, ಆರೋಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದುಕಾಣುವಂತೆ, ಡಿಜಿಟಲ್ ರೂಪದಲ್ಲೂ, ಪ್ರದರ್ಶಿಸಬೇಕು ಎನ್ನುತ್ತದೆ ಅದು. ಗುಟ್ಟಾಗಿ ಯಾರನ್ನೂ ಕೂಡಿಹಾಕಬಾರದು ಎಂಬ ಆಶಯದ ಹಳೆಯ ನಿಯಮದ ವಿಸ್ತರಣೆ ಇದು, ಆ ಆಶಯ ದೊಡ್ಡದು. ಆದರೆ ಕಾಗದದ ಬೋರ್ಡನ್ನು ಒರೆಸಬಹುದು. ಡಿಜಿಟಲ್ ಬೋರ್ಡಿನ ಚಿತ್ರ ತೆಗೆದು ಹರಡಿದರೆ ಒರೆಸಲಾಗದು. ಬಿಡುಗಡೆಯಾದವರ ಹೆಸರನ್ನು ಅದೇ ಬೋರ್ಡಿನಲ್ಲಿ ಹಾಕಬೇಕೆಂದು ಕಲಂ ಹೇಳುವುದಿಲ್ಲ.

ಭರವಸೆಯ ಒಂದು ತೀರ್ಪು ಇದೆ. 2024ರ ಮೇ 7ರಂದು, ದೆಹಲಿಯ ಶಾಸಕರೊಬ್ಬರ ಹಿಸ್ಟರಿ ಶೀಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ದೇಶದ ಎಲ್ಲ ರಾಜ್ಯಗಳ ಕಡೆಗೂ ನೋಡಿತು. ಹಿಸ್ಟರಿ ಶೀಟ್ ಪೊಲೀಸರ ಒಳಗಿನ ದಾಖಲೆ, ಸಾರ್ವಜನಿಕರ ಕೈಗೆ ಸಿಗಬಾರದು. ಅದರಲ್ಲಿ ಅಪ್ರಾಪ್ತ ಮಕ್ಕಳ ಗುರುತು ಬಯಲಾಗದಂತೆ ಎಚ್ಚರ ವಹಿಸಬೇಕು. ಹಿಂದುಳಿದ, ದುರ್ಬಲ ಸಮುದಾಯಗಳ ಅಮಾಯಕರ ಹೆಸರು ಯಾಂತ್ರಿಕವಾಗಿ ಸೇರದಂತೆ ನೋಡಿಕೊಳ್ಳಬೇಕು. ಹಿರಿಯ ಅಧಿಕಾರಿಗಳು ನಿಯತವಾಗಿ ಪರಿಶೀಲಿಸುತ್ತಿರಬೇಕು ಎಂದಿತು. ಕರ್ನಾಟಕದಲ್ಲಿ ಇದೇ ಬಗೆಯ ರೌಡಿ ಶೀಟ್ ತೆರೆಯುವುದು ಪೊಲೀಸ್ ಕೈಪಿಡಿಯ 1059ನೇ ಆದೇಶದ ಪ್ರಕಾರ, ಶಾಸನಸಭೆ ಮಾಡಿದ ಕಾಯ್ದೆಯ ಪ್ರಕಾರವಲ್ಲ. ಚುನಾವಣೆ ಬಂದಾಗ, ಹಬ್ಬ ಬಂದಾಗ ಆ ಪಟ್ಟಿಯಲ್ಲಿರುವವರನ್ನು ಪರೇಡಿಗೆ ಕರೆಯುತ್ತಾರೆ. ಟಿ.ವಿ.ಯವರು ಬರುತ್ತಾರೆ. ಸಾಲಾಗಿ ಕೂತವರ ಮುಖಗಳು ರಾತ್ರಿ ಸುದ್ದಿಯಲ್ಲಿ ಅವರ ಮಕ್ಕಳಿಗೂ ಕಾಣುತ್ತವೆ. ಒಳಗಿನ ದಾಖಲೆ ಎಂದ ಮೇಲೆ ಕ್ಯಾಮೆರಾ ಮುಂದೆ ಪರೇಡ್ ಮಾಡಿಸುವುದು ನಿಲ್ಲಬೇಕು.

ಪೊಲೀಸ್ ವ್ಯವಸ್ಥೆ ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ದೆಹಲಿಗೆ ಕಾಯದೆ ಕರ್ನಾಟಕದ ಶಾಸನಸಭೆಯೇ ಮಾಡಬಹುದಾದದ್ದು ಬಹಳ ಇದೆ. ಯಾರು ಯಾರ ದಾಖಲೆ ತೆರೆದರು ಎಂಬ ಲೆಕ್ಕವನ್ನು ಕಡ್ಡಾಯ ಮಾಡಬಹುದು, ಅದನ್ನು ಪೊಲೀಸ್ ಇಲಾಖೆಯ ಹೊರಗಿನವರು ವರ್ಷಕ್ಕೊಮ್ಮೆ ಪರಿಶೀಲಿಸುವಂತೆ ಮಾಡಬಹುದು. ಬಿ ರಿಪೋರ್ಟ್ ಅಥವಾ ಖುಲಾಸೆಯ ಆದೇಶ ಬಂದ ದಿನವೇ ಠಾಣೆಯ ದಾಖಲೆಯಲ್ಲಿ ಅದು ಆರೋಪದ ಪಕ್ಕದಲ್ಲೇ ಕಾಣುವಂತೆ ಮಾಡಬಹುದು. ಅಳಿಸುವ ಕೋರಿಕೆಯನ್ನು ನಿರ್ದೋಷಿಯ ಪರವಾಗಿ ಠಾಣಾಧಿಕಾರಿಯೇ ಕಳಿಸಬೇಕು ಎಂದು ಆದೇಶಿಸಬಹುದು. ಈ ಕೊನೆಯ ಕ್ರಮಕ್ಕೆ ಕಾಯ್ದೆ ತಿದ್ದುಪಡಿಯೂ ಬೇಕಿಲ್ಲ, ಪೊಲೀಸ್ ಮಹಾನಿರ್ದೇಶಕರ ಒಂದು ಸುತ್ತೋಲೆ ಸಾಕು.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಕೇಸಿನಿಂದ ಖುಲಾಸೆಯಾದವರು ಇದ್ದರೆ ಅವರಿಗೆ ಈ ವಿಷಯ ತಿಳಿಸಿ. ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ, ಅಳತೆ ಮತ್ತು ಬೆರಳಚ್ಚು ನಾಶಮಾಡಬೇಕೆಂದು ಲಿಖಿತ ಕೋರಿಕೆಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯ ಮೂಲಕ ನೋಡಲ್ ಅಧಿಕಾರಿಗೆ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಲಿ. ವಕೀಲರಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ನೆರವಾಗಬೇಕು. ಜೊತೆಗೆ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ. 2022ರಿಂದ ಈಚೆಗೆ ಕರ್ನಾಟಕದಲ್ಲಿ ಎಷ್ಟು ಜನರ ಅಳತೆ ತೆಗೆದುಕೊಳ್ಳಲಾಗಿದೆ, ಅವರಲ್ಲಿ ಎಷ್ಟು ಜನ ಖುಲಾಸೆಯಾದರು, ಎಷ್ಟು ಜನರ ದಾಖಲೆ ಅಳಿಸಲಾಗಿದೆ ಎಂದು ಗೃಹ ಸಚಿವರನ್ನು ಮುಂದಿನ ಅಧಿವೇಶನದಲ್ಲಿ ಕೇಳುವಂತೆ ಒತ್ತಾಯಿಸಿ.